ಇಬ್ಬರೂ ಒಟ್ಟಿಗೆ ಅತ್ತರೆ ಯಾರನ್ನು ಮೊದಲು ಎತ್ತಿಕೊಳ್ಳಲಿ?

ಪ್ರಶ್ನೆ: ಡಾಕ್ಟ್ರೇ, ನನಗೆ ಇಬ್ಬರು ಮಕ್ಕಳು. ಮಗನಿಗೆ 2 ವರ್ಷ 4 ತಿಂಗಳು, ಮಗಳಿಗೆ 4 ತಿಂಗಳು. ಹೆರಿಗೆಗೆ ಒಂದು ವಾರ ಮುಂಚೆ ತವರಿಗೆ ಹೋದೆ. ಮಗನನ್ನು ಇಲ್ಲೇ ದಾವಣಗೆರೆಯಲ್ಲಿ ಅತ್ತೆ, ನಾದಿನಿ ಹತ್ತಿರ ಬಿಟ್ಟಿದ್ದೆ. ಪಾಪುಗೆ ಮೂರು ತಿಂಗಳು ತುಂಬಿದ ಮೇಲೆ ವಾಪಸ್ ಬಂದೆ. ನಾದಿನಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಳು. ಈಗ ಮಗ ಮೊದಲಿನ ಹಾಗಿಲ್ಲ. ಪಾಪುನ ಕಚ್ಚುತ್ತಾನೆ, ತೊಟ್ಟಿಲನ್ನು ಜೋರಾಗಿ ತಳ್ಳುತ್ತಾನೆ. ಚಡ್ಡಿಯಲ್ಲೇ ಉಚ್ಚೆ ಮಾಡೋದು ಬಿಟ್ಟಿದ್ದ, ಮತ್ತೆ ಶುರು ಮಾಡಿದ್ದಾನೆ. ಮೊಬೈಲ್ ಕೊಡದಿದ್ದರೆ ಒಂದು ತುತ್ತೂ ತಿನ್ನಲ್ಲ. ಹಾಲಿನ ಬಾಟಲಿ ಮಾತ್ರ ದಿನಕ್ಕೆ ನಾಲ್ಕು ಸಲ ಬೇಕು. ತೂಕ 11.8 ಕೆಜಿ. ಈಗ ಎದೆಹಾಲೂ ಕೇಳುತ್ತಿದ್ದಾನೆ, ಕೊಡಬಹುದಾ? ಗಂಡ ಬೆಳಿಗ್ಗೆ 8ಕ್ಕೆ ಹೋದರೆ ಬರೋದು ರಾತ್ರಿ 8ಕ್ಕೆ. ಅತ್ತೆಗೆ ಮಂಡಿನೋವು. ಇಬ್ಬರೂ ಒಟ್ಟಿಗೆ ಅತ್ತಾಗ ಏನು ಮಾಡಬೇಕು ಅಂತಲೇ ತಿಳಿಯಲ್ಲ. ಮೊನ್ನೆ ಮಗನಿಗೆ ಜೋರಾಗಿ ಹೊಡೆದುಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅವನನ್ನು ಪ್ಲೇ ಹೋಮ್‌ಗೆ ಹಾಕಿದರೆ ಸರಿಹೋಗ್ತಾನಾ? ನನ್ನ ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಾದಿನಿಯ ಮಾತು ನನ್ನ ಗಮನಕ್ಕೂ ಬರಲಿಲ್ಲ. ಎರಡನೇ ಸಲ ಅದನ್ನು ದಾಟಿ ಮುಂದೆ ಹೋಗಲು ಆಗಲಿಲ್ಲ.

ಸ್ವಲ್ಪ ನಿಮ್ಮ ಮಗನ ಜಾಗದಲ್ಲಿ ಕೂತು ನೋಡಿ. ಒಂದು ದಿನ ಅಮ್ಮ ಊರಿಗೆ ಹೋದಳು. ಎರಡು ವರ್ಷದ ಮಗುವಿಗೆ ಮೂರು ತಿಂಗಳು ಎಂದರೆ ಏನು ಅಂತ ಗೊತ್ತಿಲ್ಲ. ನಾಳೆ ಅಂದರೆ ಏನು ಅನ್ನೋದೇ ಅದಕ್ಕೆ ಸರಿಯಾಗಿ ಗೊತ್ತಿರಲ್ಲ. ಅಷ್ಟು ದಿನ ಅವನನ್ನು ಮಲಗಿಸಿ, ಉಣಿಸಿ, ಎತ್ತಿಕೊಂಡು ಓಡಾಡಿದ್ದು ಸೋದರತ್ತೆ. ಅವಳನ್ನೇ ಹಚ್ಚಿಕೊಂಡ. ಆಮೇಲೆ ಅಮ್ಮ ಬಂದಳು, ಮಡಿಲಲ್ಲಿ ಬೇರೊಂದು ಕೂಸು. ಅದರ ಹಿಂದೆಯೇ ಸೋದರತ್ತೆ ಹೊರಟುಹೋದಳು. ನಾಲ್ಕು ತಿಂಗಳಲ್ಲಿ ಅವನು ಎರಡು ಸಲ ತಾಯಿಯನ್ನು ಕಳೆದುಕೊಂಡಿದ್ದಾನೆ.

ನಿಮ್ಮ ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ತವರಿಗೆ ಬಾಣಂತನಕ್ಕೆ ಹೋಗುವುದು ನಿಮಗೆ ಬೇಕಿತ್ತು. ನಾದಿನಿಗೆ ಕೆಲಸ ಬೇಕಿತ್ತು. ಆದರೆ ಅವನ ಕಚ್ಚುವುದು, ತಳ್ಳುವುದು, ಬಾಟಲಿ, ಒದ್ದೆ ಚಡ್ಡಿ ಎಲ್ಲದರ ಬೇರೂ ಇಲ್ಲೇ ಇದೆ ಅನ್ನೋದು ನನ್ನ ಅಂದಾಜು. ಇವನ್ನು ನಾಲ್ಕು ಬೇರೆ ಬೇರೆ ತೊಂದರೆ ಅಂದುಕೊಂಡರೆ ನಿಮಗೆ ಸುಸ್ತಾಗುತ್ತದೆ. ಬೇರು ಒಂದೇ, ಅದಕ್ಕೆ ನೀರು ಹಾಕೋಣ.

ಇನ್ನೊಂದು ವಿಷಯ. ಮನೆಗೆ ಕೂಸು ಬಂದ ದಿನವೇ ಎರಡು ವರ್ಷದ ಮಗು ನಮ್ಮೆಲ್ಲರ ಕಣ್ಣಿಗೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಾಣುತ್ತದೆ. ಕೈ ದೊಡ್ಡದು, ತಲೆ ದೊಡ್ಡದು, ಧ್ವನಿ ದೊಡ್ಡದು. 'ನೀನು ಅಣ್ಣ ಅಲ್ವಾ, ಹೀಗೆಲ್ಲಾ ಮಾಡಬಾರದು' ಅಂತ ಶುರುವಾಗುತ್ತದೆ. ನನ್ನ ಮಕ್ಕಳಿಗೂ 22 ತಿಂಗಳ ಅಂತರ. ಮಕ್ಕಳ ಡಾಕ್ಟರ್ ಆಗಿದ್ದೂ ನಾನೂ ಇದೇ ಮಾತು ಹೇಳಿದ್ದೇನೆ. ಈಗ ಆ ದಿನಗಳ ಫೋಟೋ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಫೋಟೋದಲ್ಲಿರುವುದು ಎರಡು ಕೂಸುಗಳು. ನಿಮ್ಮ ಮನೆಯಲ್ಲೂ ಅಷ್ಟೇ. ನಡೆಯಲು ಬರುವ ಕೂಸು ಒಂದು, ಬರದ ಕೂಸು ಇನ್ನೊಂದು.

ಹಾಗಾದರೆ ಏನು ಮಾಡಬೇಕು? ಸಾಮಾನ್ಯವಾಗಿ ಮನೆಗೆ ಯಾರೇ ಸಹಾಯಕ್ಕೆ ಬಂದರೂ ದೊಡ್ಡ ಮಗುವನ್ನು ಕರೆದುಕೊಂಡು ಹೋಗುತ್ತಾರೆ. 'ನೀನು ಪಾಪು ನೋಡ್ಕೋ, ಇವನನ್ನ ನಾನು ಆಡಿಸ್ತೀನಿ' ಅನ್ನುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಅಮ್ಮ ಬೇಕು ಅಂತ ಹಠ ಮಾಡುವವನನ್ನೇ ಅಮ್ಮನಿಂದ ಮತ್ತಷ್ಟು ದೂರ ಒಯ್ದ ಹಾಗಾಯಿತು. ನೀವು ಇದನ್ನು ತಿರುಗಿಸಿ. ಹಾಲು ಕುಡಿಸಿ, ತೇಗು ಬರಿಸಿ, ಪಾಪುವನ್ನು ಅತ್ತೆಯವರ ಮಡಿಲಿಗೆ ಕೊಡಿ. ಮಂಡಿನೋವು ಇರುವವರಿಗೆ ಓಡುವ ಮಗುವನ್ನು ಹಿಡಿಯಲಾಗದು, ನಿಜ. ಆದರೆ ಗೋಡೆಗೆ ಒರಗಿ ಕೂತು, ಹೊಟ್ಟೆ ತುಂಬಿದ ನಾಲ್ಕು ತಿಂಗಳ ಕೂಸನ್ನು ಅರ್ಧ ಗಂಟೆ ಮಾತಾಡಿಸುವುದು ಅವರಿಗೆ ಇಷ್ಟವೇ ಆಗಬಹುದು. ಆ ಅರ್ಧ ಗಂಟೆ ನೀವು ಪಾತ್ರೆ ತೊಳೆಯಲು ಹೋಗಬೇಡಿ. ಮಗನನ್ನು ಎತ್ತಿಕೊಂಡು ಹೊರಗೆ ಬನ್ನಿ. ಬೀದಿ ಕೊನೆಯ ಅಂಗಡಿವರೆಗೆ ಹೋಗಿ ಬನ್ನಿ, ಹಸು ತೋರಿಸಿ, ಟ್ರ್ಯಾಕ್ಟರ್ ತೋರಿಸಿ. ಮೊಬೈಲ್ ಮನೆಯಲ್ಲೇ ಇರಲಿ. ದಿನಕ್ಕೆ ಒಂದೇ ಸಲ ಆದರೂ ಸಾಕು. ಆದರೆ ದಿನಾ ಅದೇ ಹೊತ್ತಿಗೆ ಆಗಬೇಕು. ಗಡಿಯಾರ ನೋಡಲು ಬರದ ಮಗುವಿಗೂ 'ಸಂಜೆ ಕಾಫಿ ಆದ ಮೇಲೆ ಅಮ್ಮ ನನ್ನವಳು' ಅನ್ನುವುದು ಹತ್ತು ದಿನದಲ್ಲಿ ತಿಳಿಯುತ್ತದೆ. ಕಾಯಲು ಒಂದು ಹೊತ್ತು ಇದೆ ಅಂತ ಗೊತ್ತಾದರೆ ರಚ್ಚೆ ಕಡಿಮೆಯಾಗುತ್ತದೆ.

ಈಗ ನಿಮ್ಮ ದೊಡ್ಡ ಪ್ರಶ್ನೆ, ಇಬ್ಬರೂ ಒಟ್ಟಿಗೆ ಅತ್ತರೆ ಯಾರು ಮೊದಲು? ಯಾರಿಗಾದರೂ ಪೆಟ್ಟಾಗಿದ್ದರೆ ಅವರೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಪಾಪುವಿಗೆ ಹಸಿವಾಗಿ ತುಂಬಾ ಹೊತ್ತಾಗಿದ್ದರೆ ಪಾಪುವೇ ಮೊದಲು. ಇವೆರಡೂ ಇಲ್ಲದಿದ್ದರೆ ದೊಡ್ಡವನನ್ನು ಮೊದಲು ಎತ್ತಿಕೊಳ್ಳಿ. ಈ ಮಾತು ಕೇಳಿ ತುಂಬಾ ತಾಯಂದಿರು ಗಾಬರಿಯಾಗುತ್ತಾರೆ. ತೊಟ್ಟಿಲಲ್ಲಿ ಕ್ಷೇಮವಾಗಿ ಮಲಗಿರುವ ಕೂಸು ಎರಡು ಮೂರು ನಿಮಿಷ ಅತ್ತರೆ ಏನೂ ಆಗುವುದಿಲ್ಲ. ಹೊಕ್ಕುಳಿಗೂ ಆಗಲ್ಲ, ಮನಸ್ಸಿಗೂ ಆಗಲ್ಲ. ಆ ಹೊತ್ತಲ್ಲಿ ನಿಮ್ಮ ಮಗನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ: 'ಪಾಪು, ಸ್ವಲ್ಪ ತಾಳು. ಅಣ್ಣನನ್ನ ಎತ್ಕೊಂಡಿದೀನಿ. ಆಮೇಲೆ ಬರ್ತೀನಿ.' ದಿನವಿಡೀ ಅವನ ಕಿವಿಗೆ ಬೀಳುವುದು 'ತಾಳೋ, ಪಾಪುಗೆ ಹಾಲು ಕೊಡ್ತಿದೀನಿ' ಅನ್ನೋ ಮಾತೇ. ಒಂದೇ ಒಂದು ಸಲ ಪಾಪುವಿಗೆ ಕಾಯಲು ಹೇಳಿ ನೋಡಿ. ಅವನ ಮುಖ ನೋಡಿ.

ಅವನ ಗಲಾಟೆ ಹೆಚ್ಚಾಗುವುದು ನೀವು ಹಾಲೂಡಿಸಲು ಕೂತಾಗ, ಅಲ್ವಾ? ಎಲ್ಲ ಮನೆಯಲ್ಲೂ ಹಾಗೇ. ಆ ಹೊತ್ತಿಗೆ ಮಾತ್ರ ಹೊರಗೆ ಬರುವ ಒಂದು ಬುಟ್ಟಿ ಮಾಡಿ. ಅಂಗಡಿಯ ಆಟಿಕೆ ಬೇಕಿಲ್ಲ. ಸ್ಟೀಲ್ ಡಬ್ಬಿ, ಅದರ ಮುಚ್ಚಳ, ಒಂದು ಸೌಟು, ಅಪ್ಪನ ಹಳೆ ಪರ್ಸ್, ಎರಡು ಈರುಳ್ಳಿ, ಒಂದು ಕರವಸ್ತ್ರ. ಹಾಲೂಡಿಸಿ ಆದ ಮೇಲೆ ಬುಟ್ಟಿ ಮೇಲಕ್ಕೆ. ಕುರ್ಚಿ ಬಿಟ್ಟು ನೆಲದ ಮೇಲೆ ಚಾಪೆ ಹಾಕಿ ಕೂತರೆ ಇನ್ನೂ ಒಳ್ಳೆಯದು. ಒಂದು ತೊಡೆ ಅವನಿಗೂ ಸಿಗುತ್ತದೆ.

ಕಚ್ಚುವ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬೇಡ. ಇಬ್ಬರನ್ನೇ ಒಂದು ಕೋಣೆಯಲ್ಲಿ ಒಂದು ನಿಮಿಷವೂ ಬಿಡಬೇಡಿ. ಬಚ್ಚಲಿಗೆ ಹೋಗುವಾಗಲೂ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಚ್ಚಲು ಬಂದರೆ ಮೊದಲೇ ಕೈ ಅಡ್ಡ ಹಿಡಿಯಿರಿ. 'ಕಚ್ಚೋದು ಬೇಡ' ಅಂತ ಎರಡೇ ಪದ ಹೇಳಿ. ಈ ವಯಸ್ಸಿಗೆ ಉದ್ದ ಬುದ್ಧಿಮಾತು ಕಿವಿಗೆ ಹೋಗಲ್ಲ. ತಿರುಗಿ ಕಚ್ಚಿ ತೋರಿಸಬೇಡಿ. ಯಾರೋ ಹಿರಿಯರು ಹಾಗೆ ಹೇಳಿಕೊಟ್ಟಿರಬಹುದು. ದೊಡ್ಡವರೂ ಕಚ್ಚಬಹುದು ಅಂತ ಮಾತ್ರ ಅವನು ಅದರಿಂದ ಕಲಿಯುತ್ತಾನೆ. ಪಾಪುವನ್ನು ಮುಟ್ಟಲೇಬೇಡ ಅನ್ನುವುದೂ ಸರಿಯಲ್ಲ. ಪಾದ ಮುಟ್ಟಲಿ. ಮೆಲ್ಲಗೆ ಸವರುವುದನ್ನು ಅವನ ಕೈ ಹಿಡಿದು ತೋರಿಸಿ. ಮುಖ, ಕೈ ಬೇಡ. ನೆಗಡಿ ಇದ್ದರೆ ಪಾಪುವಿಗೆ ಬೇಗ ಅಂಟುತ್ತದೆ.

ಈ ವಯಸ್ಸಿನ ಅಣ್ಣಂದಿರು ಹೊಡೆಯುವುದಕ್ಕಿಂತ ಪ್ರೀತಿಯಿಂದ ಮಾಡುವ ಕೆಲಸಗಳಿಗೆ ನನಗೆ ಜಾಸ್ತಿ ಭಯ. ತಾನು ತಿನ್ನುತ್ತಿರುವುದನ್ನು ಪಾಪುವಿನ ಬಾಯಿಗೆ ಇಡುತ್ತಾರೆ. ನಿಮ್ಮೂರಲ್ಲಿ ಮಂಡಕ್ಕಿ ಇಲ್ಲದ ಸಂಜೆಯೇ ಇಲ್ಲ. ಅದರೊಳಗಿನ ಶೇಂಗಾ ಕಾಳು ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಅಪಾಯ. ನಿಮ್ಮ ಮಗನಿಗೂ ಇಡೀ ಶೇಂಗಾ, ಪುಟಾಣಿ, ಹುಣಸೆಬೀಜ, ಅಡಿಕೆ ಚೂರು ಸಿಗಬಾರದು. ಐದು ವರ್ಷದವರೆಗೆ ಪುಡಿ ಮಾಡಿ ಕೊಡಿ. ರಿಮೋಟ್, ಆಟಿಕೆಗಳಲ್ಲಿರುವ ಗುಂಡಿಯಂಥ ಬ್ಯಾಟರಿ ಇನ್ನೂ ಕೆಟ್ಟದ್ದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟುಬಿಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಮಲದಲ್ಲಿ ಬರಲಿ ಅಂತ ಕಾಯಬೇಡಿ. ಬಚ್ಚಲಿನ ಬಕೆಟ್ ಯಾವಾಗಲೂ ಖಾಲಿ ಇರಲಿ. ಪಾಪು ಇನ್ನೇನು ಮಗುಚಿಕೊಳ್ಳುವ ವಯಸ್ಸು, ಹಾಗಾಗಿ ಮಂಚದ ಮೇಲೆ ಒಂಟಿಯಾಗಿ ಮಲಗಿಸುವುದು ಇವತ್ತಿನಿಂದಲೇ ನಿಲ್ಲಲಿ. ಸೀರೆಯ ಜೋಲಿ ಇದ್ದರೆ ಬಿಚ್ಚಿಡಿ. ತಳ್ಳುವ ಅಣ್ಣನಿರುವ ಮನೆಗೆ ಅದು ಆಗಿಬರಲ್ಲ. ರಾತ್ರಿ ಎಲ್ಲರೂ ಒಟ್ಟಿಗೆ ಮಲಗುವುದಾದರೆ ನೆಲದ ಮೇಲೆ ಗಟ್ಟಿ ಹಾಸಿಗೆ ಹಾಕಿ. ಇಬ್ಬರ ನಡುವೆ ನೀವಿರಿ. ಪಾಪು ಅಂಗಾತ ಮಲಗಲಿ. ಅದರ ಹತ್ತಿರ ದಿಂಬು, ದಪ್ಪ ರಗ್ಗು ಬೇಡ.

ಇನ್ನು ಊಟ. 11.8 ಕೆಜಿ ಅವನ ವಯಸ್ಸಿಗೆ ಸರಿಯಾದ ತೂಕವೇ, ಚಿಂತೆ ಬೇಡ. ಮೊದಲ ವರ್ಷ ಮಗು ಸುಮಾರು 6 ಕೆಜಿ ಏರುತ್ತದೆ. ಎರಡನೇ ವರ್ಷ 2ರಿಂದ 2.5 ಕೆಜಿ ಅಷ್ಟೇ. ಬೆಳವಣಿಗೆ ನಿಧಾನವಾದಾಗ ಹಸಿವೂ ಇಳಿಯುತ್ತದೆ. ಎಲ್ಲ ತಾಯಂದಿರೂ 'ಒಂದು ವರ್ಷದ ಮೇಲೆ ತಿನ್ನೋದೇ ಬಿಟ್ಟ' ಅನ್ನುವುದು ಇದಕ್ಕೇ. ನಿಮ್ಮ ಮಗ ಅನ್ನ ಬೇಡ ಅನ್ನಲು ಇನ್ನೊಂದು ಕಾರಣ ಬಾಟಲಿ. ನಾಲ್ಕು ಬಾಟಲಿ ಎಂದರೆ ಲೀಟರ್ ಹತ್ತಿರ ಬಂತು. ಅಷ್ಟು ಹಾಲು ಕುಡಿದ ಹೊಟ್ಟೆಯಲ್ಲಿ ಮುದ್ದೆಗೆ ಜಾಗ ಎಲ್ಲಿದೆ? ಹಸುವಿನ ಹಾಲಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಾಲೇ ಊಟವಾದ ಮಕ್ಕಳಿಗೆ ರಕ್ತಹೀನತೆ ಬರುತ್ತದೆ, ಅದರಿಂದ ಹಸಿವು ಇನ್ನೂ ಸಾಯುತ್ತದೆ, ಕಿರಿಕಿರಿ ಜಾಸ್ತಿಯಾಗುತ್ತದೆ. ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಕೊಡುವ ಕಬ್ಬಿಣದ ಸಿರಪ್ ಆಶಾ ಕಾರ್ಯಕರ್ತೆಯ ಬಳಿ ಪುಕ್ಕಟೆ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಹಾಲನ್ನು ದಿನಕ್ಕೆ 400ರಿಂದ 500 ಎಂಎಲ್‌ಗೆ ಇಳಿಸಬೇಕು. ಆದರೆ ಬಾಟಲಿಯನ್ನು ಒಂದೇ ದಿನ ಕಿತ್ತುಕೊಳ್ಳಬೇಡಿ. ಈಗಾಗಲೇ ಅವನು ತುಂಬಾ ಕಳೆದುಕೊಂಡಿದ್ದಾನೆ. ವಾರಕ್ಕೊಂದು ಬಾಟಲಿ ಕಡಿಮೆ ಮಾಡಿ, ಆ ಹೊತ್ತಿಗೆ ಲೋಟದಲ್ಲಿ ಕೊಡಿ. ಮಲಗಿ ಕುಡಿಯುವ ರಾತ್ರಿಯ ಬಾಟಲಿ ಹಲ್ಲನ್ನು ಹುಳುಕು ಮಾಡುತ್ತದೆ, ಆದರೆ ಅವನಿಗೆ ಅದೇ ಹೆಚ್ಚು ಬೇಕಾದದ್ದು. ಅದನ್ನು ಕೊನೆಗೆ ಬಿಡಿಸಿ.

ಮೊಬೈಲ್ ಬಗ್ಗೆ ನೇರವಾಗಿ ಹೇಳುತ್ತೇನೆ. ಎರಡು ವರ್ಷದೊಳಗೆ ಪರದೆಯೇ ಬೇಡ, 2ರಿಂದ 5 ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಒಬ್ಬರೇ ಇದ್ದು ಪಾಪುವಿಗೆ ನೀರು ಹಾಕುವಾಗ ಬಚ್ಚಲ ಬಾಗಿಲಲ್ಲಿ ಅವನನ್ನು ಕೂರಿಸಿ ಇಪ್ಪತ್ತು ನಿಮಿಷ ವಿಡಿಯೋ ಹಾಕಿದರೆ ನಾನು ಬೈಯುವುದಿಲ್ಲ. ಬಿಸಿನೀರಿನ ಹತ್ತಿರ ಅವನು ಓಡಾಡುವುದಕ್ಕಿಂತ ಅದೇ ವಾಸಿ. ಆದರೆ ಊಟಕ್ಕೆ ಮಾತ್ರ ಬೇಡ. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹಸಿವೂ ತಿಳಿಯಲ್ಲ, ಹೊಟ್ಟೆ ತುಂಬಿದ್ದೂ ತಿಳಿಯಲ್ಲ. ಮೊದಲ ಮೂರು ನಾಲ್ಕು ದಿನ ಕಷ್ಟ. ಕಿರುಚುತ್ತಾನೆ, ತಟ್ಟೆ ತಳ್ಳುತ್ತಾನೆ. ತಳ್ಳಲಿ, ತೆಗೆದುಬಿಡಿ. ಎರಡು ಗಂಟೆ ಬಿಟ್ಟು ಮತ್ತೆ ಇಡಿ. ಮಧ್ಯೆ ಬಿಸ್ಕತ್ತು ಬೇಡ. ಚಿಕ್ಕ ತಟ್ಟೆಯಲ್ಲಿ ತುಪ್ಪ ಹಾಕಿದ ಬೇಳೆ ಅನ್ನ, ಒಂದು ತುಂಡು ಮೊಟ್ಟೆಯೋ ಬಾಳೆಹಣ್ಣೋ ಇಟ್ಟು, ಅವನ ಕೈಯಿಂದಲೇ ತಿನ್ನಲು ಬಿಡಿ. ನೆಲ ಗಲೀಜಾಗುತ್ತದೆ. ಒಂದು ಹಳೆ ಸೀರೆ ಹಾಸಿ. ಆರೋಗ್ಯವಾಗಿರುವ ಮಗು ಒಂದೆರಡು ಹೊತ್ತು ಕಡಿಮೆ ತಿಂದರೆ ಸೊರಗುವುದಿಲ್ಲ. ಅತ್ತೆಯವರಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿ. ಇಲ್ಲದಿದ್ದರೆ ಮೂರನೇ ದಿನ ಅವರೇ ಕರುಳು ಚುರುಕ್ ಎಂದು ಫೋನ್ ಕೈಗೆ ಕೊಡುತ್ತಾರೆ.

ಚಡ್ಡಿ ಒದ್ದೆ ಮಾಡುವುದಕ್ಕೆ ಏನೂ ಮಾಡಬೇಡಿ. ನಿಜ, ಏನೂ ಬೇಡ. ಬೈಯದೆ ಬದಲಾಯಿಸಿ, ಅಷ್ಟೇ. ಹಗಲು ಹಿಡಿತ ಎರಡೂವರೆ ಮೂರು ವರ್ಷಕ್ಕೆ ಬರುವುದೇ ಸಹಜ. ಮನೆ ಒಂದು ಹದಕ್ಕೆ ಬಂದ ಮೇಲೆ ತಾನೇ ಸರಿಹೋಗುತ್ತದೆ. ಉಚ್ಚೆ ಮಾಡುವಾಗ ಅತ್ತರೆ, ಜ್ವರ ಬಂದರೆ, ಮಲಬದ್ಧತೆ ಇದ್ದರೆ ಮಾತ್ರ ತೋರಿಸಿ.

ಪ್ಲೇ ಹೋಮ್ ಈಗ ಬೇಡ ಅನ್ನುತ್ತೇನೆ. ತಂಗಿ ಮನೆಗೆ ಬಂದ ತಿಂಗಳೇ ತನ್ನನ್ನು ಹೊರಗೆ ಕಳಿಸಿದರು ಅಂತ ಅವನಿಗೆ ಅನಿಸುತ್ತದೆ. ಎರಡು ಮೂರು ತಿಂಗಳು ತಡೆಯಿರಿ. ಮೂರು ವರ್ಷ ತುಂಬಿದ ಮೇಲೆ ಅಂಗನವಾಡಿಯೂ ಇದೆ.

ಮನೆಗೆ ಬಂದವರ ಬಾಯಿಗೆ ಬೀಗ ಹಾಕುವುದು ನಿಮ್ಮ ಯಜಮಾನರ ಕೆಲಸ. 'ಇನ್ಮೇಲೆ ಅಮ್ಮ ಪಾಪುಗೆ ಮಾತ್ರ, ನಿನಗಿಲ್ಲ', 'ನಿನ್ನನ್ನ ತಿಪ್ಪೆಯಿಂದ ಎತ್ಕೊಂಡು ಬಂದಿದ್ದು' ಅಂತ ತಮಾಷೆ ಮಾಡುವ ನೆಂಟರು ನಮ್ಮ ಕಡೆ ಮನೆಮನೆಯಲ್ಲೂ ಇದ್ದಾರೆ. ಎರಡು ವರ್ಷದ ಮಗುವಿಗೆ ತಮಾಷೆ ತಿಳಿಯಲ್ಲ, ಅದು ನಂಬುತ್ತದೆ. ಅಂಥ ಮಾತು ಬಂದ ತಕ್ಷಣ ಯಜಮಾನರು ಮಗನನ್ನು ಎತ್ತಿಕೊಂಡು 'ಹಾಗಿಲ್ಲಪ್ಪ, ಅಮ್ಮ ನಿನ್ನವಳೂ ಹೌದು' ಅಂತ ಎಲ್ಲರ ಮುಂದೆ ಹೇಳಲಿ. ಅವರು ಮಾಡಬೇಕಾದ್ದು ಇನ್ನೂ ಇದೆ. ರಾತ್ರಿ 8ಕ್ಕೆ ಬಂದವರು ಕೈಕಾಲು ತೊಳೆದು ಪಾಪುವನ್ನು ಎತ್ತಿಕೊಳ್ಳಲಿ. ಆಗ ಮಗನನ್ನು ನೀವು ಮಲಗಿಸಬಹುದು. ಬೆಳಿಗ್ಗೆ ಹೊರಡುವ ಮುಂಚೆ ಮಗನ ಸ್ನಾನ ಅವರದ್ದಾಗಲಿ. ಇದು ಹೆಂಡತಿಗೆ ಮಾಡುವ ಉಪಕಾರ ಏನಲ್ಲ. ಮೂರು ವರ್ಷದೊಳಗಿನ ಎರಡು ಮಕ್ಕಳನ್ನು ನೋಡಿಕೊಳ್ಳುವುದು ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಈ ಉತ್ತರವನ್ನು ಅವರಿಗೆ ಓದಲು ಕೊಡಿ.

ಈಗ ನೀವು. ಹೊಡೆದ ವಿಷಯ ನೀವು ಮುಚ್ಚಿಡದೆ ಬರೆದಿರಿ, ಅದಕ್ಕೆ ನನಗೆ ನಿಮ್ಮ ಮೇಲೆ ಗೌರವ. ಮಗನ ಹತ್ತಿರ ಕೂತು 'ಅಮ್ಮ ಹೊಡೆದಿದ್ದು ತಪ್ಪು. ಅಮ್ಮನಿಗೆ ಸಿಟ್ಟು ಬಂದಿತ್ತು. ಇನ್ನು ಹೊಡೆಯಲ್ಲ' ಅಂತ ಹೇಳಿ. ಅವನಿಗೆ ಅರ್ಥವಾಗುತ್ತದೆ. ಮತ್ತೆ ಸಿಟ್ಟು ನೆತ್ತಿಗೇರಿದಾಗ ಪಾಪುವನ್ನು ತೊಟ್ಟಿಲಲ್ಲಿ ಮಲಗಿಸಿ, ಮಗನನ್ನು ಅತ್ತೆಯವರ ಕಣ್ಣೆದುರು ಕೂರಿಸಿ, ನೀವು ಹಿತ್ತಲಿಗೆ ಹೋಗಿ ಮುಖ ತೊಳೆಯಿರಿ. ಕೂಸನ್ನು ಸಿಟ್ಟಿನಲ್ಲಿ ಯಾವತ್ತೂ ಕುಲುಕಬೇಡಿ. ಹಾಗೆ ಮಾಡಿದರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು.

ಒಂದು ಪ್ರಶ್ನೆ ನಾನೂ ಕೇಳಬೇಕು. ಪಾಪು ಮಲಗಿದಾಗಲೂ ನಿಮಗೆ ನಿದ್ದೆ ಬರುತ್ತಿಲ್ಲವಾ? ಕಾರಣವಿಲ್ಲದೆ ಅಳು ಬರುತ್ತದಾ? ಎರಡು ವಾರಕ್ಕಿಂತ ಹೆಚ್ಚು ಹೀಗಿದ್ದರೆ ಇದು ಬರೀ ಸುಸ್ತಲ್ಲ, ಹೆರಿಗೆಯ ನಂತರ ಬರುವ ಖಿನ್ನತೆ ಇರಬಹುದು. ಇದು ಕಾಯಿಲೆ, ಗುಣವಾಗುವ ಕಾಯಿಲೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಅಥವಾ ಮಕ್ಕಳಿಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಬೆಳಗಾಗಲು ಕಾಯಬೇಡಿ, ಗಂಡನನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ. ಹೇಗೂ ರಕ್ತ ಪರೀಕ್ಷೆ ಮಾಡಿಸುವಾಗ ನಿಮ್ಮ ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ನೋಡಿಸಿ. ಹೆರಿಗೆಯ ನಂತರ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು. ಮಕ್ಕಳ ಗಡಿಬಿಡಿಯಲ್ಲಿ ಅದು ಡಬ್ಬಿಯಲ್ಲೇ ಉಳಿದಿರುತ್ತದೆ.

ಪಾಪುವಿಗೆ ಸದ್ಯ ನಿಮ್ಮ ಹಾಲು ಬಿಟ್ಟು ಬೇರೇನೂ ಬೇಡ. ನೀರು, ಜೇನು, ಗ್ರೈಪ್ ವಾಟರ್ ಯಾವುದೂ ಬೇಡ. ರಾಗಿ ಸರಿ ಆರು ತಿಂಗಳು ತುಂಬಿದ ಮೇಲೆ.

ಉಳಿದದ್ದು ನಿಮ್ಮ ಮಗ ಎದೆಹಾಲು ಕೇಳುವುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಿಮಗೆ ಮನಸ್ಸಿದ್ದರೆ ಕೊಡಿ. ಅವನಿಗೂ ತೊಂದರೆಯಿಲ್ಲ, ಪಾಪುವಿಗೂ ಕಡಿಮೆಯಾಗಲ್ಲ. ಪಾಪು ಕುಡಿದಾದ ಮೇಲೆ ಅವನ ಸರದಿ, ಅಷ್ಟೇ ನಿಯಮ. ಮನಸ್ಸಿಲ್ಲದಿದ್ದರೆ 'ಇದು ಪಾಪುದು, ನೀನು ಬಾ' ಅಂತ ಎದೆಗೆ ಒತ್ತಿಕೊಂಡು ಕೂತುಕೊಳ್ಳಿ. ನಾನು ನೋಡಿದ ಮಟ್ಟಿಗೆ, ಹೀಗೆ ಕೇಳುವ ಮಕ್ಕಳಲ್ಲಿ ತುಂಬಾ ಜನ ಒಂದೆರಡು ಸಲ ಬಾಯಿ ಇಟ್ಟು, ಎಳೆಯುವುದು ಹೇಗೆ ಅನ್ನೋದೇ ಮರೆತುಹೋಗಿ, ಅಮ್ಮನ ಮುಖ ನೋಡಿ ನಕ್ಕು ಎದ್ದು ಓಡುತ್ತಾರೆ.